ಝೆನ್ ಧ್ಯಾನದಲ್ಲಿ ಅದ್ವೈತದ ಅನುಭವ ಆಗುವುದು ನಿಜವೇ? ಅದು ಹೇಗಿರುತ್ತದೆ?

ನಿಜ. ಆದರೆ ಓದಿ ಕಲ್ಪಿಸಿಕೊಂಡಂತೆ ಅದು ಬರುವುದಿಲ್ಲ. ಹಲವು ವರ್ಷಗಳಿಂದ ಬೆಳಗಿನ ಹೊತ್ತು ಧ್ಯಾನಕ್ಕೆ ಕುಳಿತುಕೊಳ್ಳುತ್ತಿರುವ ನಾನು, ಕಂಡುಕೊಂಡಷ್ಟನ್ನು ಹೇಳುತ್ತೇನೆ.

ಬೌದ್ಧರ ಧ್ಯಾನ ಪರಂಪರೆಯಾದ ಝೆನ್‌ನ ಸೋತೋ ಪಂಥದಲ್ಲಿ ಗೋಡೆಗೆ ಮುಖ ಮಾಡಿ, ಬೆನ್ನು ನೆಟ್ಟಗಿಟ್ಟು, ಕಣ್ಣುಗಳನ್ನು ಅರೆ ತೆರೆದು ಕೂರುತ್ತಾರೆ. ಹೊಸಬರಿಗೆ ಉಸಿರನ್ನು 1ರಿಂದ 10ರವರೆಗೆ ಎಣಿಸಿ ಮತ್ತೆ 1ಕ್ಕೆ ಮರಳುವ ಅಭ್ಯಾಸವನ್ನು ಹೇಳಿಕೊಡುವುದುಂಟು. ಮೊದಮೊದಲು ಉಸಿರು ಒಂದು ಕಡೆ, ಎಣಿಸುವವನು ಇನ್ನೊಂದು ಕಡೆ, ಎಣಿಕೆ ಸರಿಯಾಗಿದೆಯೇ ಎಂದು ನೋಡುತ್ತಿರುವ ಮೇಲ್ವಿಚಾರಕ ಮತ್ತೊಂದು ಕಡೆ ಇರುತ್ತಾರೆ. ದ್ವೈತವನ್ನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಲಾಗದು. ಆ ಮೇಲ್ವಿಚಾರಕನನ್ನು ಓಡಿಸಲು ಹೊರಟರೆ, ಓಡಿಸುವ ಇನ್ನೊಬ್ಬ ಹುಟ್ಟಿಕೊಳ್ಳುತ್ತಾನೆ; ಆದ್ದರಿಂದಲೇ ಅವನೊಡನೆ ಜಗಳಕ್ಕಿಳಿಯದೆ ಮತ್ತೆ ಎಣಿಕೆಗೆ ಮರಳಬೇಕು.

ಒಂದು ಬೆಳಿಗ್ಗೆ ಹಾಗೆ ಕುಳಿತಿದ್ದಾಗ ಬೀದಿಯಲ್ಲಿ ಸೊಪ್ಪು ಮಾರುವಾಕೆ ‘ದಂಟು, ಮೆಂತ್ಯ, ಸಬ್ಬಸಿಗೆ’ ಎಂದು ಕೂಗಿದರು. ಎಂದಿನಂತಾದರೆ ಕೂಗು ಹೊರಗೆ, ನಾನು ಒಳಗೆ. ಅಂದು ಕೂಗಷ್ಟೇ ಇತ್ತು, ಅದನ್ನು ಕೇಳುವವನು ಬೇರೆಯಾಗಿ ಇರಲಿಲ್ಲ. ದಿವ್ಯವಾದ ಬೆಳಕಾಗಲಿ ಆನಂದಬಾಷ್ಪವಾಗಲಿ ಇರಲಿಲ್ಲ, ಎಲ್ಲವೂ ಕರಗಿ ಒಂದೇ ಆದಂತೆಯೂ ಇರಲಿಲ್ಲ. ಒಂದೊಂದು ಸೊಪ್ಪಿನ ಹೆಸರೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸಿತು. ‘ಓಹೋ, ಇದೇ ಅದು’ ಎಂಬ ಯೋಚನೆ ಮೂಡಿದೊಡನೆ ನಾನು ಮತ್ತೆ ಕೇಳುಗನಾಗಿದ್ದೆ. ಇದನ್ನು ಜ್ಞಾನೋದಯವೆಂದು ನಾನು ಕರೆಯುವುದಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಶೃಂಗೇರಿಯ ನಾಡಿನವರಾದ ನಾವು ಅದ್ವೈತವೆಂದೊಡನೆ ಶಂಕರರ ಬ್ರಹ್ಮವನ್ನು ನೆನೆಯುತ್ತೇವೆ. ಝೆನ್ ಅಂತಹ ನಿತ್ಯವಾದ ಆತ್ಮತತ್ತ್ವವೊಂದನ್ನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ಎರಡಲ್ಲ ಎಂದು ಕಂಡ ಮೇಲೆ ‘ಒಂದು’ ಎಂಬುದನ್ನೂ ಹಿಡಿದು ಕೂರಬಾರದೆಂಬುದು ಅದರ ನಿಲುವು. 1223ರಲ್ಲಿ ಜಪಾನಿನಿಂದ ಚೀನಾಕ್ಕೆ ಹೋಗಿ, ಅಲ್ಲಿ ರುಜಿಂಗ್ ಎಂಬ ಗುರುವಿನ ಬಳಿ ಕಲಿತು ಮರಳಿ, ಸೋತೋ ಪಂಥವನ್ನು ಜಪಾನಿನಲ್ಲಿ ನೆಲೆಗೊಳಿಸಿದ ದೋಗೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಧನೆ ಮತ್ತು ಸಿದ್ಧಿ ಬೇರೆಬೇರೆಯಲ್ಲ, ಸರಿಯಾಗಿ ಕುಳಿತುಕೊಳ್ಳುವುದೇ ಬೋಧಿಯ, ಅಂದರೆ ಜ್ಞಾನೋದಯದ, ಅಭಿವ್ಯಕ್ತಿ ಎಂದರು. ನನ್ನ ಮಟ್ಟಿಗೆ ಇದು ಅತ್ಯಂತ ಮುಖ್ಯವಾದ ಮಾತು. ಅದ್ವೈತಾನುಭವವನ್ನು ಪಡೆಯಲೆಂದೇ ಕುಳಿತರೆ, ಪಡೆಯುವ ನಾನು ಮತ್ತು ಪಡೆಯಬೇಕಾದ ಅನುಭವ ಎಂಬ ಎರಡನ್ನು ಕುಳಿತ ಗಳಿಗೆಯಲ್ಲೇ ಸ್ಥಾಪಿಸಿದಂತಾಗುತ್ತದೆ. ಆ ಸೊಪ್ಪಿನ ಕೂಗನ್ನು ಮರುದಿನ ಕಾದು ಕುಳಿತಾಗ ನನಗೆ ಸಿಕ್ಕಿದ್ದು ಬರೀ ಕಾಯುವಿಕೆ.

ನೀವು ಆರಂಭಿಸುವುದಾದರೆ ಗುರುವೊಬ್ಬರ ಬಳಿ ಕಲಿಯಿರಿ. ನಮಗೆ ಹತ್ತಿರದಲ್ಲಿ, ಕೊಡೈಕನಾಲ್ ಸಮೀಪದ ಪೆರುಮಾಳ್‌ಮಲೈಯಲ್ಲಿ, ಝೆನ್ ಗುರು ಆಮಾ ಸಾಮಿಯವರು ಸ್ಥಾಪಿಸಿದ ಬೋಧಿ ಝೆಂಡೋ ಎಂಬ ಧ್ಯಾನ ಕೇಂದ್ರ ಇದೆ. ದೀರ್ಘಕಾಲ ಕುಳಿತಾಗ ಕೆಲವರಿಗೆ ‘ನಾನು’ ಇಲ್ಲವಾಗುತ್ತಿದೆ ಎಂಬ ಭಯ ಕಾಡಬಹುದು. ಹಾಗಾದರೆ ಹಟ ಹಿಡಿಯದೆ ಎದ್ದು, ಗುರುಗಳೊಡನೆ ಮಾತನಾಡಿದ ನಂತರವೇ ಮುಂದುವರಿಯಿರಿ.