ಮೊಲಕ್ಕೆ ಗರಿಕೆ ಹುಲ್ಲು ಕೊಡಬಹುದೇ?

ಪ್ರಶ್ನೆ: ಮಗಳ ಆಸೆಗೆಂದು ತಂದ ಎರಡು ಮೊಲಗಳಿಗೆ ಈಗ ಒಂದು ವರ್ಷ ದಾಟಿದೆ. ಕ್ಯಾರೆಟ್, ಎಲೆಕೋಸು ಮತ್ತು ಅಂಗಡಿಯ ಪೆಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ ಮೇವು) ಕೊಡುತ್ತಿದ್ದೇವೆ. ಇತ್ತೀಚೆಗೆ ಒಂದು ಮೊಲದ ಹಿಕ್ಕೆ ಸಣ್ಣದಾಗಿದೆ. ಹಿಂಭಾಗದ ಕೂದಲಿಗೆ ಕಪ್ಪನೆಯ ಅಂಟು ಮೆತ್ತಿಕೊಂಡಿರುತ್ತದೆ. ಟಿಮೊಥಿ ಹುಲ್ಲು ಬಹಳ ದುಬಾರಿ. ಬದಲಿಗೆ ಗರಿಕೆ ಅಥವಾ ರಾಗಿ ಹುಲ್ಲು ಕೊಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಗರಿಕೆಯನ್ನು ಧಾರಾಳವಾಗಿ ಕೊಡಬಹುದು. ನೀವು ಹೇಳಿದ ಎರಡೂ ಲಕ್ಷಣಗಳು ಆಹಾರದಲ್ಲಿ ನಾರು ಕಡಿಮೆಯಾಗಿರುವುದನ್ನೇ ಸೂಚಿಸುತ್ತವೆ. ಮೊಲವು ಗಟ್ಟಿ ಹಿಕ್ಕೆಯ ಜೊತೆಗೆ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುವ ಮೆತ್ತನೆಯ ಹಿಕ್ಕೆಯನ್ನೂ ಹಾಕಿ, ಅದನ್ನು ಆಗಿಂದಾಗಲೇ ತಿಂದು ಅದರಲ್ಲಿರುವ ಜೀವಸತ್ವಗಳನ್ನೂ ಪ್ರೋಟೀನನ್ನೂ ಮರಳಿ ಪಡೆಯುತ್ತದೆ. ಸಿಹಿ ಮತ್ತು ಪಿಷ್ಟ ಹೆಚ್ಚಾದಾಗ ಈ ಹಿಕ್ಕೆ ತೆಳುವಾಗಿ, ತಿನ್ನದೆ ಉಳಿದು ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ನೊಣ ಮೊಟ್ಟೆಯಿಟ್ಟರೆ ಹುಳು ಬೀಳುವ ಅಪಾಯವಿರುವುದರಿಂದ ದಿನವೂ ನೋಡಿ ಸ್ವಚ್ಛಗೊಳಿಸಿ.

ಮೊಲದ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಒರಟು ಹುಲ್ಲನ್ನು ದವಡೆ ಅಡ್ಡಡ್ಡಲಾಗಿ ಆಡಿಸಿ ಗಂಟೆಗಟ್ಟಲೆ ಅರೆದಾಗ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ಪೆಲೆಟ್ಟನ್ನು ಎರಡೇ ನಿಮಿಷದಲ್ಲಿ ಪುಡಿಮಾಡಿ ನುಂಗುವ ಮೊಲಕ್ಕೆ ಆ ಕೆಲಸವೇ ಇರುವುದಿಲ್ಲ.

ಆದ್ದರಿಂದ ಆಹಾರದ ಶೇ. 80ರಷ್ಟಾದರೂ ಹುಲ್ಲಾಗಿರಲಿ. ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲು ಯಾವುದಾದರೂ ಆಗಬಹುದು. ಟಿಮೊಥಿಯೇ ಬೇಕೆಂಬ ನಿಯಮವಿಲ್ಲ. ರಸ್ತೆಬದಿಯ ಅಥವಾ ಔಷಧಿ ಸಿಂಪಡಿಸಿದ ಹೊಲದಂಚಿನ ಹುಲ್ಲು ಬೇಡ. ಯಂತ್ರದಲ್ಲಿ ಕತ್ತರಿಸಿದ ಹುಲ್ಲುಹಾಸಿನ ಚೂರು ಬೇಗ ಬಿಸಿಯೇರಿ ಹುಳಿಯುವುದರಿಂದ ಅದೂ ಬೇಡ. ಹುಲ್ಲನ್ನು ನೆರಳಿನಲ್ಲಿ ತೆಳ್ಳಗೆ ಹರಡಿ, ದಿನವೂ ತಿರುವಿ ಹಾಕಿ ಒಣಗಿಸಿದರೆ ಹಸಿರು ಬಣ್ಣವೂ ಘಮವೂ ಉಳಿಯುತ್ತವೆ. ಮುಗ್ಗಲು ವಾಸನೆ ಬಂದ, ಬೂಷ್ಟು ಹಿಡಿದ ಹುಲ್ಲನ್ನು ಎಷ್ಟೇ ಇದ್ದರೂ ಎಸೆಯಿರಿ. ರಾಗಿ ಹುಲ್ಲಿನಲ್ಲಿ ದಂಟೇ ಹೆಚ್ಚು, ಪೋಷಣೆ ಕಡಿಮೆ. ಸ್ವಲ್ಪ ಬೆರೆಸಬಹುದು, ಅದೇ ಮುಖ್ಯ ಮೇವಾಗಬಾರದು. ಕುದುರೆ ಮೆಂತ್ಯೆ (ಲೂಸರ್ನ್) ಮೇವಿನಲ್ಲಿ ಸುಣ್ಣದಂಶ ಹೆಚ್ಚು. ಬೆಳೆಯುವ ಮರಿಗಳಿಗೆ ಒಳ್ಳೆಯದಾದರೂ, ದೊಡ್ಡ ಮೊಲಗಳಿಗೆ ನಿತ್ಯ ಕೊಟ್ಟರೆ ಮೂತ್ರದಲ್ಲಿ ಕೆಸರು, ಕಲ್ಲು ಕಟ್ಟಬಹುದು.

ಬದಲಾವಣೆ ಮಾತ್ರ ನಿಧಾನವಾಗಿರಲಿ. ಒಣಹುಲ್ಲು ಇಂದಿನಿಂದಲೇ ಸದಾ ಎದುರಿಗಿರಲಿ, ಹಸಿಗರಿಕೆಯನ್ನು ಒಂದು ಹಿಡಿಯಿಂದ ಆರಂಭಿಸಿ ಹೆಚ್ಚಿಸಿ. ಪೆಲೆಟ್ಟನ್ನು ಎರಡು ಮೂರು ವಾರಗಳಲ್ಲಿ, ಮೊಲದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರದ ಮಟ್ಟಕ್ಕೆ ಇಳಿಸಿ. ಕ್ಯಾರೆಟ್ ಅಪರೂಪಕ್ಕೊಂದು ತುಣುಕು ಸಾಕು; ಎಲೆಕೋಸಿನಿಂದ ಹೊಟ್ಟೆಯುಬ್ಬರ ಬರಬಹುದು.

ಹಿಕ್ಕೆ ಈಗಾಗಲೇ ಸಣ್ಣದಾಗಿರುವ ಮೊಲದ ಹಲ್ಲುಗಳನ್ನು ಈ ವಾರವೇ ಪಶುವೈದ್ಯರಿಗೆ ತೋರಿಸಿ. ದವಡೆಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚುತ್ತಿದ್ದರೆ ಅದು ಹುಲ್ಲನ್ನೇ ಮುಟ್ಟದು. ಅರ್ಧ ದಿನ ಮೇವು ಬಿಟ್ಟು, ಹಿಕ್ಕೆಯನ್ನೂ ಹಾಕದೆ ಮುದುಡಿ ಕುಳಿತರೆ ಬೆಳಗಾಗಲೆಂದು ಕಾಯದೆ ಕೂಡಲೇ ಕರೆದೊಯ್ಯಿರಿ.