ಓದುಗರ ಪ್ರಶ್ನೆ: ಕಡಲು ದಾಟುವ ರಾಸಾಯನಿಕಕ್ಕೆ ಯಾವ ಡ್ರಮ್, ಯಾವ ಪ್ರಮಾಣಪತ್ರ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬೈ ಸುತ್ತಮುತ್ತಲಿನ, ಪುಣೆ ಮತ್ತು ಗೋವಾದ ಕೈಗಾರಿಕಾ ವಸಾಹತುಗಳಿಂದ. ಕೇಳಿದವರಲ್ಲಿ ಕಾರ್ಖಾನೆ ನಡೆಸುವವರಿದ್ದಾರೆ, ಗೋದಾಮು ನೋಡಿಕೊಳ್ಳುವವರಿದ್ದಾರೆ, ಕಸ್ಟಮ್ಸ್ ಕಾಗದಪತ್ರ ಮಾಡುವವರಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: 98 ಶೇಕಡಾ ಗಂಧಕಾಮ್ಲವನ್ನು ಮೊದಲ ಬಾರಿ ನ್ಹಾವಾ ಶೇವಾ ಬಂದರಿನಿಂದ ಕಳಿಸಲು ಹೊರಟೆವು. 30 ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಮಾರಿದವರು ಯುಎನ್ ಸರ್ಟಿಫಿಕೇಟಿನ (ಕ್ಯಾನ್ ವಿಶ್ವಸಂಸ್ಥೆಯ ನಿಯಮದ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಪತ್ರ) ನಕಲನ್ನೂ ಕೊಟ್ಟರು. ಕ್ಯಾನಿನ ಮೇಲೆ 3ಎಚ್1/ವೈ1.4/150 ಎಂದು ಶುರುವಾಗುವ ಗುರುತಿದೆ. ಆದರೂ ಶಿಪ್ಪಿಂಗ್ ಲೈನ್‌ನವರು ಫೋಟೊ ನೋಡಿ ಬುಕಿಂಗ್ ತಿರಸ್ಕರಿಸಿದರು. ಸರ್ಟಿಫಿಕೇಟ್ ಸುಳ್ಳೇ? (ಡೊಂಬಿವಲಿ)

ಉತ್ತರ: ಸರ್ಟಿಫಿಕೇಟ್ ನಿಜವೇ ಇರಬಹುದು. ಆದರೆ ಆ ಕ್ಯಾನ್ ನಿಮ್ಮ ಆಮ್ಲಕ್ಕೆ ಪಾಸಾದದ್ದಲ್ಲ. ಪರೀಕ್ಷೆ ಮಾಡುವುದು ಕ್ಯಾನಿನ ವಿನ್ಯಾಸವನ್ನು. ಅದು ಯಾವ ಸರಕನ್ನು ಹೊರಬಲ್ಲದು ಎಂಬುದು ಗುರುತಿನಲ್ಲೇ ಬರೆದಿರುತ್ತದೆ. ಗುರುತನ್ನೂ ಸರಕನ್ನೂ ತಾಳೆ ನೋಡುವ ಹೊಣೆ ರಫ್ತುದಾರರದು. ಕ್ಯಾನ್ ಮಾರುವವರಿಗೆ ನೀವು ಒಳಗೆ ಏನು ತುಂಬುತ್ತೀರಿ ಎಂದು ಗೊತ್ತಿರುವುದೇ ಇಲ್ಲ.

ಗುರುತನ್ನು ಎಡದಿಂದ ಓದಿ. ವೃತ್ತದೊಳಗೆ ಯು ಮೇಲೆ, ಎನ್ ಕೆಳಗೆ ಇರುವುದು ವಿಶ್ವಸಂಸ್ಥೆಯ ಚಿಹ್ನೆ. 3ಎಚ್1 ಎಂದರೆ ಮೇಲ್ಭಾಗ ತೆಗೆಯಲಾಗದ ಪ್ಲಾಸ್ಟಿಕ್ ಜೆರ್ರಿಕ್ಯಾನ್. ಇಡೀ ಮುಚ್ಚಳ ತೆಗೆಯಲು ಬಾರದ ಉಕ್ಕಿನ ಡ್ರಮ್ಮಿಗೆ 1ಎ1, ತೆಗೆಯಬಹುದಾದದ್ದಕ್ಕೆ 1ಎ2, ರಟ್ಟಿನ ಪೆಟ್ಟಿಗೆಗೆ 4ಜಿ. ಮುಂದಿನ ಅಕ್ಷರ ಅಪಾಯದ ಮಟ್ಟ ಹೇಳುತ್ತದೆ. ಸರಕುಗಳನ್ನು ಮೂರು ಪ್ಯಾಕಿಂಗ್ ಗುಂಪು ಮಾಡಿದ್ದಾರೆ, ಒಂದನೆಯದು ಅತಿ ಅಪಾಯಕಾರಿ, ಮೂರನೆಯದು ಕಡಿಮೆ. ಎಕ್ಸ್ ಇದ್ದರೆ ಮೂರೂ ಗುಂಪುಗಳಿಗೆ ನಡೆಯುತ್ತದೆ, ವೈ ಇದ್ದರೆ ಎರಡು ಮತ್ತು ಮೂರನೆಯದಕ್ಕೆ, ಝೆಡ್ ಇದ್ದರೆ ಮೂರನೆಯದಕ್ಕೆ ಮಾತ್ರ. ಗಂಧಕಾಮ್ಲ ಎರಡನೇ ಗುಂಪು, ಹಾಗಾಗಿ ವೈ ಸಾಕು. ಎಡವಿದ್ದು ಅದರ ಪಕ್ಕದ 1.4ರಲ್ಲಿ. ಅದು ಆ ಕ್ಯಾನ್ ತಾಳಬಲ್ಲ ದ್ರವದ ಗರಿಷ್ಠ ಸಾಪೇಕ್ಷ ಸಾಂದ್ರತೆ, ಅಂದರೆ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ನಿಮ್ಮ ಆಮ್ಲದ ಸಾಂದ್ರತೆ 1.84.

ಇದನ್ನು ಬರೀ ಕಾಗದದ ತಕರಾರು ಎಂದುಕೊಳ್ಳಬೇಡಿ. ಬೀಳಿಸುವ ಪರೀಕ್ಷೆಯನ್ನು ಸಾಮಾನ್ಯವಾಗಿ ನೀರು ತುಂಬಿ ಮಾಡುತ್ತಾರೆ. ಸರಕಿನ ಸಾಂದ್ರತೆ 1.2ರವರೆಗೆ ಇದ್ದರೆ ಎರಡನೇ ಗುಂಪಿಗೆ 1.2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅದಕ್ಕಿಂತ ಭಾರವಾದರೆ ಸಾಂದ್ರತೆಯ ಅಂಕಿಯೇ ಮೀಟರಿನಲ್ಲಿ ಎತ್ತರವಾಗುತ್ತದೆ. 1.84 ಇದ್ದರೆ ಮೇಲಿನ ದಶಮಾಂಶಕ್ಕೆ ಏರಿಸಿ 1.9 ಮೀಟರ್. ಪ್ಲಾಸ್ಟಿಕ್ ಕ್ಯಾನನ್ನು ಮೈನಸ್ 18 ಡಿಗ್ರಿಗೆ ತಣ್ಣಗೆ ಮಾಡಿ ಬೀಳಿಸಬೇಕು, ಏಕೆಂದರೆ ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿ ಸೀಳುತ್ತದೆ. ನಿಮ್ಮ ಕ್ಯಾನ್ 1.4 ಮೀಟರಿನಿಂದ ಬಿದ್ದು ಉಳಿದಿದೆ, 1.9 ಮೀಟರಿನಿಂದ ಉಳಿಯುತ್ತದೆ ಎಂದು ಯಾರೂ ನೋಡಿಲ್ಲ. ವೈ1.9 ಗುರುತಿನ ಕ್ಯಾನ್ ಕೇಳಿ ತರಿಸಿ.

150 ಎಂಬುದು ಕಿಲೋಪಾಸ್ಕಲ್‌ನಲ್ಲಿ ನೀರಿನ ಒತ್ತಡದ ಪರೀಕ್ಷೆ. ಗಂಧಕಾಮ್ಲ ಆವಿಯಾಗುವುದು ತೀರಾ ಕಡಿಮೆ, ಅಲ್ಲಿ ತೊಂದರೆಯಿಲ್ಲ. ನಂತರ ತಯಾರಾದ ವರ್ಷದ ಕೊನೆಯ ಎರಡು ಅಂಕಿ, ಐಎನ್‌ಡಿ ಎಂಬ ದೇಶದ ಸಂಕೇತ, ತಯಾರಕರ ಗುರುತು ಬರುತ್ತವೆ. ಒತ್ತಡದ ಜಾಗದಲ್ಲಿ ಎಸ್ ಅಕ್ಷರ ಕಂಡರೆ ಅದು ಘನಪದಾರ್ಥಕ್ಕೆ ಅಥವಾ ಒಳಗೆ ಬಾಟಲಿ, ಡಬ್ಬಿ ಇಡುವುದಕ್ಕೆ ಮಾತ್ರ ಪರೀಕ್ಷೆಯಾದದ್ದು. ಅದರಲ್ಲಿ ನೇರವಾಗಿ ದ್ರವ ತುಂಬುವುದು ನಾವು ಮತ್ತೆ ಮತ್ತೆ ನೋಡುವ ತಪ್ಪು.

ಭಾರತದಲ್ಲಿ ಸಮುದ್ರಮಾರ್ಗದ ಸಾಗಣೆಗೆ ಸಕ್ಷಮ ಪ್ರಾಧಿಕಾರ ಡಿಜಿ ಶಿಪ್ಪಿಂಗ್, ಅಂದರೆ ನೌಕಾಯಾನ ಮಹಾನಿರ್ದೇಶನಾಲಯ. ಪರೀಕ್ಷಿಸಿ ಪ್ರಮಾಣೀಕರಿಸುವುದು ಅಂಧೇರಿ ಪೂರ್ವದಲ್ಲಿ ಮುಖ್ಯ ಕಚೇರಿ ಇರುವ, 1966ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್. ಸರ್ಟಿಫಿಕೇಟಿನ ನಕಲು ಕೈಗೆ ಬಂದಾಗ ಸಂಖ್ಯೆ ಮತ್ತು ಅವಧಿಗೆ ನಿಲ್ಲಬೇಡಿ. ಕ್ಯಾನಿನ ಖಾಲಿ ತೂಕ, ಧಾರಣ, ಮುಚ್ಚಳದ ಬಗೆ, ಗ್ಯಾಸ್ಕೆಟ್ ಇವೆಲ್ಲ ನಿಮ್ಮ ಕೈಲಿರುವ ಕ್ಯಾನಿಗೆ ಹೊಂದುತ್ತವೆಯೇ ನೋಡಿ. 1.5 ಕಿಲೋ ತೂಕದಲ್ಲಿ ಪಾಸಾದ ಕ್ಯಾನನ್ನು ಆಮೇಲೆ 1.3 ಕಿಲೋದಲ್ಲಿ ಊದಿ ಮಾಡಿದರೆ ಅದು ಬೇರೆಯೇ ವಿನ್ಯಾಸ. ಹಳೆಯ ಸರ್ಟಿಫಿಕೇಟ್ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತು ಕ್ಯಾನ್ ತೂಗಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಪ್ರಶ್ನೆ: ಟೊಲುವೀನನ್ನು ಸರಿಯಾದ ಗುರುತಿರುವ 1ಎ1 ಉಕ್ಕಿನ ಡ್ರಮ್ಮಿನಲ್ಲಿ, ತಲಾ 180 ಕಿಲೋ ತುಂಬಿ ಕಳಿಸಿದೆವು. ಕೊಲ್ಲಿ ರಾಷ್ಟ್ರದ ಬಂದರಿನಲ್ಲಿ ಕಂಟೇನರ್ ತೆರೆದಾಗ ಕೆಲವು ಡ್ರಮ್ಮುಗಳ ಮೇಲ್ಭಾಗ ಉಬ್ಬಿತ್ತು, ಎರಡರ ಬಂಗ್ (ತುಂಬುವ ಬಾಯಿಯ ಬಿರಡೆ) ಹತ್ತಿರ ಸೋರಿತ್ತು. ಡ್ರಮ್ ತಯಾರಕರು ತಮ್ಮ ತಪ್ಪಿಲ್ಲ ಎನ್ನುತ್ತಾರೆ. (ತಳೋಜಾ)

ಉತ್ತರ: ನೀವು ಬರೆದ ಅಂಕಿಯನ್ನೇ ಲೆಕ್ಕ ಮಾಡೋಣ. 25 ಡಿಗ್ರಿಯಲ್ಲಿ ಟೊಲುವೀನಿನ ಸಾಂದ್ರತೆ ಸುಮಾರು 0.862. 180 ಕಿಲೋ ಎಂದರೆ 209 ಲೀಟರ್. 55 ಡಿಗ್ರಿಗೆ ಸಾಂದ್ರತೆ ಸುಮಾರು 0.834ಕ್ಕೆ ಇಳಿಯುತ್ತದೆ, ಅದೇ 180 ಕಿಲೋ 216 ಲೀಟರ್ ಆಗುತ್ತದೆ. ನಿಮ್ಮ ಡ್ರಮ್ಮಿನ ಅಂಚಿನವರೆಗಿನ ಧಾರಣವೂ 216 ಲೀಟರ್ ಎಂದಿಟ್ಟುಕೊಳ್ಳಿ. ಒಳಗೆ ಆವಿಗೆ ಜಾಗವೇ ಉಳಿಯಲಿಲ್ಲ. ದ್ರವವನ್ನು ಅದುಮಲು ಆಗುವುದಿಲ್ಲ, ತಗಡು ಹೊಟ್ಟೆ ಉಬ್ಬಿಸಿತು. ಕಡಲಿನಲ್ಲಿ ಅಪಾಯಕಾರಿ ಸರಕು ಸಾಗಿಸುವುದಕ್ಕಿರುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಐಎಂಡಿಜಿ ಸಂಹಿತೆ ಕೇಳುವುದೂ ಇದನ್ನೇ: 55 ಡಿಗ್ರಿಯಲ್ಲಿ ದ್ರವ ಡ್ರಮ್ಮನ್ನು ಪೂರ್ತಿ ತುಂಬಬಾರದು. ಬೇಸಿಗೆಯಲ್ಲಿ ಡೆಕ್ ಮೇಲೆ ನಿಂತ ಕಂಟೇನರಿನೊಳಗೆ ಆ ಬಿಸಿ ಅಪರೂಪವಲ್ಲ.

170 ಕಿಲೋ ತುಂಬಿದ್ದರೆ 25 ಡಿಗ್ರಿಯಲ್ಲಿ 197 ಲೀಟರ್, 55 ಡಿಗ್ರಿಯಲ್ಲಿ 204 ಲೀಟರ್. ಡ್ರಮ್ಮಿಗೆ ಹತ್ತು ಕಿಲೋ ಕಡಿಮೆ ತುಂಬುವುದು ಲೆಕ್ಕದವರಿಗೆ ನಷ್ಟದಂತೆ ಕಾಣಬಹುದು. ಆದರೆ ಪ್ರತಿ ಡ್ರಮ್ ಸರಕಿಗೂ ಅಂಚಿನವರೆಗಿನ ಧಾರಣ ಎಷ್ಟು ಎಂದು ತಯಾರಕರಿಂದ ಬರೆಸಿಕೊಂಡು, ನಿಮ್ಮ ದ್ರವದ 55 ಡಿಗ್ರಿ ಸಾಂದ್ರತೆಯಿಂದಲೇ ತುಂಬುವ ತೂಕ ನಿಗದಿ ಮಾಡಿ. ಗೇಜಿನ ಮೇಲೆ ಲೀಟರ್ ನೋಡಿ ತುಂಬುವುದಕ್ಕಿಂತ ತಕ್ಕಡಿಯ ಮೇಲೆ ತುಂಬುವುದು ಸುರಕ್ಷಿತ, ಏಕೆಂದರೆ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದೇ ಲೀಟರಿನೊಳಗೆ ಹೆಚ್ಚು ತೂಕ ಹೋಗುತ್ತದೆ.

ಬಂಗಿನ ಸೋರಿಕೆಗೆ ಇನ್ನೊಂದು ಕಾರಣ ಹುಡುಕಿ. ಗ್ಯಾಸ್ಕೆಟ್ ಇಪಿಡಿಎಂ ರಬ್ಬರಿನದಾಗಿದ್ದರೆ ಟೊಲುವೀನಿನಲ್ಲಿ ಊದಿಕೊಂಡು ಹೊರಚಾಚುತ್ತದೆ. ವಿಟಾನ್ ಅಥವಾ ಪಿಟಿಎಫ್‌ಇ ಹಾಕಿಸಬೇಕು. ಆದರೆ ಗ್ಯಾಸ್ಕೆಟ್ ಬದಲಿಸಿದರೆ ಅದು ಸರ್ಟಿಫಿಕೇಟಿನಲ್ಲಿ ಪರೀಕ್ಷೆಯಾದ ಮುಚ್ಚಳವೇ ಆಗಿರಬೇಕು, ನೀವಾಗಿ ಬದಲಿಸುವಂತಿಲ್ಲ. ಬಂಗ್ ಎಷ್ಟು ಬಿಗಿಯಬೇಕೆಂಬ ಟಾರ್ಕ್ ಅಂಕಿಯನ್ನು ತಯಾರಕರು ಮುಚ್ಚುವ ಸೂಚನೆಯಲ್ಲಿ ಕೊಡಬೇಕು. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದ ಬಂಗ್ ಅಂತಹ ಡ್ರಮ್ಮಿಗೆ ಇರುವ ಸರ್ಟಿಫಿಕೇಟನ್ನೇ ಅರ್ಥಹೀನ ಮಾಡುತ್ತದೆ.

ಪ್ರಶ್ನೆ: 68 ಶೇಕಡಾ ನೈಟ್ರಿಕ್ ಆಮ್ಲ ಕಳಿಸಲು ಗೋದಾಮಿನಲ್ಲಿ ಹೊಸ, ಬಳಸದ ಪ್ಲಾಸ್ಟಿಕ್ ಕಾರ್ಬಾಯ್ (ದೊಡ್ಡ ಕ್ಯಾನ್) ಇವೆ. ತಯಾರಾಗಿ 2 ವರ್ಷ 3 ತಿಂಗಳಾಯಿತು. ಪ್ಲಾಸ್ಟಿಕ್ಕಿಗೆ 5 ವರ್ಷ ಅವಕಾಶ ಇದೆಯಲ್ಲವೇ? (ಕುರ್ಕುಂಭ್, ಪುಣೆ ಜಿಲ್ಲೆ)

ಉತ್ತರ: ಬಳಸಬೇಡಿ. 5 ವರ್ಷ ಸಾಮಾನ್ಯ ನಿಯಮ. 55 ಶೇಕಡಾಕ್ಕಿಂತ ಹೆಚ್ಚಿನ ನೈಟ್ರಿಕ್ ಆಮ್ಲವನ್ನು ಪ್ಲಾಸ್ಟಿಕ್ ಡ್ರಮ್ ಅಥವಾ ಜೆರ್ರಿಕ್ಯಾನಿನಲ್ಲಿ ನೇರವಾಗಿ ತುಂಬಿದರೆ ಅವಧಿ ತಯಾರಾದ ದಿನದಿಂದ 2 ವರ್ಷ. ತುಂಬಿದ ದಿನದಿಂದ ಎಣಿಸುವುದಲ್ಲ. ಈ ಆಮ್ಲ ಪಾಲಿಥೀನಿನ ಒಳಮೈಯನ್ನು ಆಕ್ಸಿಡೈಸ್ ಮಾಡಿ ಗರಿಗರಿಯಾಗಿಸುತ್ತದೆ. ಹೊರಗೆ ಹೊಸದರಂತೆ ಕಾಣುವ ಕ್ಯಾನ್ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ತಯಾರಾದ ತಿಂಗಳು ತಳದಲ್ಲೋ ಪಕ್ಕದಲ್ಲೋ ಗಡಿಯಾರದಂತಹ ವೃತ್ತದಲ್ಲಿ ಬಾಣ ತೋರಿಸುತ್ತದೆ. ಪ್ರಯಾಣದ ವಾರಗಳೂ ಅವಧಿಯೊಳಗೇ ಬರಬೇಕು, ಆದ್ದರಿಂದ ಕನಿಷ್ಠ ಆರು ತಿಂಗಳು ಬಾಕಿ ಇರುವ ಕ್ಯಾನನ್ನೇ ತೆಗೆದುಕೊಳ್ಳಿ ಎಂದು ನಮ್ಮ ಸಲಹೆ.

2021ರ ಮೇ ತಿಂಗಳಲ್ಲಿ ಕೊಲಂಬೊ ಬಳಿ ಬೆಂಕಿಗೆ ತುತ್ತಾಗಿ ಜೂನ್‌ನಲ್ಲಿ ಮುಳುಗಿದ ಎಕ್ಸ್-ಪ್ರೆಸ್ ಪರ್ಲ್ ಹಡಗಿನಲ್ಲಿ ನೈಟ್ರಿಕ್ ಆಮ್ಲದ ಒಂದು ಕಂಟೇನರ್ ದಾರಿಯಲ್ಲೇ ಸೋರುತ್ತಿತ್ತು. ಕತಾರಿನ ಹಮದ್ ಮತ್ತು ಗುಜರಾತಿನ ಹಜೀರಾ ಬಂದರುಗಳಲ್ಲಿ ಅದನ್ನು ಇಳಿಸಲು ಆಗಲಿಲ್ಲ. ಹಡಗಿನಲ್ಲಿದ್ದ ಪ್ಲಾಸ್ಟಿಕ್ ಕಣಗಳು ಶ್ರೀಲಂಕಾದ ತೀರವನ್ನು ಮುತ್ತಿದವು. ಒಂದು ಕಾರ್ಬಾಯಿಯ ತಯಾರಿಕೆ ತಿಂಗಳನ್ನು ನೋಡಲು ಸೋಮಾರಿತನ ಮಾಡಬಾರದು ಎನ್ನುವುದು ಇದಕ್ಕೇ.

65ರಿಂದ 70 ಶೇಕಡಾ ನೈಟ್ರಿಕ್ ಆಮ್ಲಕ್ಕೆ ವರ್ಗ 8ರ (ಸುಟ್ಟು ಕೊರೆಯುವ ವಸ್ತು) ಜೊತೆ 5.1ರ (ಆಕ್ಸಿಡೈಸ್ ಮಾಡುವ ವಸ್ತು) ಉಪ ಅಪಾಯವೂ ಇದೆ. ಎರಡೂ ಲೇಬಲ್ ಬೇಕು, ಟೊಲುವೀನಿನಂತಹ ವರ್ಗ 3ರ (ಬೇಗ ಹೊತ್ತಿಕೊಳ್ಳುವ ದ್ರವ) ಸರಕಿನೊಂದಿಗೆ ಒಂದೇ ಕಂಟೇನರಿನಲ್ಲಿ ಹಾಕುವಂತಿಲ್ಲ. ಕ್ಯಾನುಗಳ ಕೆಳಗೆ ಹುಲ್ಲು, ಮರದ ಹೊಟ್ಟು ಹಾಸಬೇಡಿ, ಸೋರಿದರೆ ಅದೇ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಐಸೊಪ್ರೊಪೈಲ್ ಆಲ್ಕೋಹಾಲನ್ನು 2.5 ಲೀಟರ್ ಗಾಜಿನ ಬಾಟಲಿಯಲ್ಲಿ, ಪೆಟ್ಟಿಗೆಗೆ ನಾಲ್ಕರಂತೆ ಕಳಿಸುತ್ತೇವೆ. ‘ಲಿಮಿಟೆಡ್ ಕ್ವಾಂಟಿಟಿ’ (ಸಣ್ಣ ಪ್ರಮಾಣಕ್ಕೆ ಇರುವ ವಿನಾಯಿತಿ) ಎಂದು ಹಾಕಿದರೆ ಯುಎನ್ ಪೆಟ್ಟಿಗೆ ಬೇಡ ಎಂದು ಒಬ್ಬರು ಹೇಳಿದರು. (ವೆರ್ನಾ, ಗೋವಾ)

ಉತ್ತರ: ಅವರು ಅರ್ಧ ಹೇಳಿದ್ದಾರೆ. ಈ ಆಲ್ಕೋಹಾಲಿನ ಯುಎನ್ ಸಂಖ್ಯೆ, ಅಂದರೆ ಅಪಾಯಕಾರಿ ಸರಕನ್ನು ಗುರುತಿಸುವ ನಾಲ್ಕಂಕಿ, 1219. ಪ್ಯಾಕಿಂಗ್ ಗುಂಪು ಎರಡು. ಇದಕ್ಕೆ ಲಿಮಿಟೆಡ್ ಕ್ವಾಂಟಿಟಿಯ ಮಿತಿ ಒಳಬಾಟಲಿಗೆ 1 ಲೀಟರ್. 2.5 ಲೀಟರ್ ಬಾಟಲಿಗೆ ಆ ವಿನಾಯಿತಿ ಸಿಗುವುದಿಲ್ಲ, ಪರೀಕ್ಷೆಯಾದ 4ಜಿ ಪೆಟ್ಟಿಗೆಯೇ ಬೇಕು. 1 ಲೀಟರ್ ಬಾಟಲಿಗೆ ಇಳಿದರೆ ಒಟ್ಟು ತೂಕ 30 ಕಿಲೋದೊಳಗಿನ ಗಟ್ಟಿ ಪೆಟ್ಟಿಗೆ ಸಾಕು, ಮೇಲೂ ಕೆಳಗೂ ಕಪ್ಪು ಇರುವ ವಜ್ರಾಕಾರದ ಗುರುತು ಬೇಕು. ಆಗಲೂ ಡಿಜಿ ಡಿಕ್ಲರೇಶನ್ (ಅಪಾಯಕಾರಿ ಸರಕಿನ ಘೋಷಣಾ ಪತ್ರ) ತಪ್ಪುವುದಿಲ್ಲ.

4ಜಿ ಪೆಟ್ಟಿಗೆ ಎಂದರೆ ಬಾಟಲಿ, ಒಳಗಿನ ವಿಭಾಜಕ, ಮೆತ್ತೆ, ಟೇಪ್ ಎಲ್ಲವೂ ಸೇರಿದ ಒಂದು ಜೋಡಣೆ. ಬಾಟಲಿಯ ಸರಬರಾಜುದಾರರನ್ನು ಬದಲಿಸಿ ಕುತ್ತಿಗೆ ಉದ್ದವಾದ ಬಾಟಲಿ ತಂದರೆ, ಅಥವಾ 72 ಮಿಲಿಮೀಟರ್ ಟೇಪಿನಿಂದ ಪಾಸಾದದ್ದಕ್ಕೆ 48ರ ಟೇಪ್ ಅಂಟಿಸಿದರೆ ಆ ಗುರುತಿಗೆ ಬೆಲೆ ಉಳಿಯದು. ಗೋವಾದ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೆಟ್ಟಿಗೆಯ ಹೊರಮೈ 30 ನಿಮಿಷದಲ್ಲಿ ಚದರ ಮೀಟರಿಗೆ 155 ಗ್ರಾಂಗಿಂತ ಹೆಚ್ಚು ನೀರು ಹೀರಬಾರದೆಂಬುದು ನಿಯಮ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಗೋದಾಮಿನಲ್ಲಿಟ್ಟ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಕೆಳಗಿನ ಸಾಲು ಮೊದಲು ಕುಸಿಯುತ್ತದೆ. ಖಾಲಿ ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ ಪ್ಲಾಸ್ಟಿಕ್ ಹೊದೆಸಿಡಿ.

ಪ್ರಶ್ನೆ: ಯುಎನ್ 3082ರ ಎಪಾಕ್ಸಿ ರೆಸಿನನ್ನು 5 ಲೀಟರ್ ಡಬ್ಬಿಯಲ್ಲಿ ಕಳಿಸಲೂ ಯುಎನ್ ಪ್ಯಾಕಿಂಗ್ ಬೇಕೆ? (ಪುಣೆ)

ಉತ್ತರ: ಬೇಡ. ಕೇವಲ ಪರಿಸರ ಅಪಾಯಕ್ಕಾಗಿ ವರ್ಗ 9ಕ್ಕೆ ಬಂದ ಈ ಸರಕು ಒಳಡಬ್ಬಿಗೆ 5 ಲೀಟರ್, ಘನವಾದರೆ 5 ಕಿಲೋ ಮೀರದಿದ್ದರೆ ಸಂಹಿತೆಯ ಉಳಿದ ನಿಯಮಗಳಿಂದ ಹೊರಗೆ. ಡಬ್ಬಿ ಮಾತ್ರ ಒಳ್ಳೆಯ ಗುಣಮಟ್ಟದ್ದಾಗಿರಬೇಕು. 20 ಲೀಟರ್ ಬಕೆಟ್ಟಿಗೆ ಹೋದ ಕೂಡಲೇ ಎಲ್ಲ ನಿಯಮವೂ ಮರಳಿ ಬರುತ್ತದೆ.

ಪ್ರಶ್ನೆ: ಪ್ಯಾಲೆಟ್ ಮೇಲೆ ಕ್ಯಾನ್ ಜೋಡಿಸಿ ಕಪ್ಪು ಸ್ಟ್ರೆಚ್ ಫಿಲ್ಮ್ ಸುತ್ತುತ್ತೇವೆ. ಲೇಬಲ್ ಕಾಣುತ್ತಿಲ್ಲ ಎಂದು ಸಿಎಫ್‌ಎಸ್‌ನಲ್ಲಿ (ಕಂಟೇನರಿಗೆ ಸರಕು ತುಂಬಿ ಇಳಿಸುವ ನಿಲ್ದಾಣ) ತಡೆದರು. (ಪನ್ವೇಲ್)

ಉತ್ತರ: ಒಳಗಿನ ಲೇಬಲ್, ಯುಎನ್ ಸಂಖ್ಯೆ ಕಾಣದಿದ್ದರೆ ಅವನ್ನು ಫಿಲ್ಮಿನ ಮೇಲೆ ಮತ್ತೆ ಹಾಕಿ, ಜೊತೆಗೆ ‘ಓವರ್‌ಪ್ಯಾಕ್’ (ಹಲವು ಪ್ಯಾಕುಗಳನ್ನು ಒಟ್ಟಿಗೆ ಸುತ್ತಿದ್ದು) ಎಂದು ಕನಿಷ್ಠ 12 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಬರೆಯಬೇಕು. ಪಾರದರ್ಶಕ ಫಿಲ್ಮ್ ಬಳಸಿದರೆ ಈ ತಾಪತ್ರಯವೇ ಇಲ್ಲ. ಮರದ ಪ್ಯಾಲೆಟ್ಟಿಗೆ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ ಎಚ್‌ಟಿ ಮುದ್ರೆ ಇರಲಿ.

ಪ್ರಶ್ನೆ: ಡಿಕ್ಲರೇಶನ್ ಮೂರು ಸಲ ಹಿಂದಿರುಗಿ ಬಂತು. ಎಲ್ಲಿ ತಪ್ಪುತ್ತದೆ? (ವಾಶಿ)

ಉತ್ತರ: ಬಹುತೇಕ ಎಸ್‌ಡಿಎಸ್‌ನ (ಸರಕಿನ ಸುರಕ್ಷತಾ ಮಾಹಿತಿ ಪತ್ರ) ಸಾಗಣೆ ಕುರಿತ 14ನೇ ವಿಭಾಗ, ಡಿಕ್ಲರೇಶನ್, ಡ್ರಮ್ಮಿನ ಮೇಲಿನ ಲೇಬಲ್ ಈ ಮೂರರ ನಡುವೆ. ಸರಕಿನ ವ್ಯಾಪಾರದ ಹೆಸರು ಬರೆದರೆ ನಡೆಯದು, ಸಂಹಿತೆಯಲ್ಲಿರುವ ಸಾಗಣೆಯ ಹೆಸರೇ ಬೇಕು. ‘ಬೇರೆಡೆ ಹೆಸರಿಸದ’ ಎಂದು ಕೊನೆಗೊಳ್ಳುವ ಹೆಸರಾದರೆ ಆವರಣದಲ್ಲಿ ಅಪಾಯಕಾರಿ ಘಟಕದ ಹೆಸರೂ ಬೇಕು. ಕ್ರಮ ಹೀಗಿರಲಿ: ಯುಎನ್ 1294, ಟೊಲುವೀನ್, ವರ್ಗ 3, ಎರಡನೇ ಪ್ಯಾಕಿಂಗ್ ಗುಂಪು, ಅದರ ಹಿಂದೆಯೇ ಫ್ಲಾಶ್ ಪಾಯಿಂಟ್, ಆಮೇಲೆ 80 ಉಕ್ಕಿನ ಡ್ರಮ್, 1ಎ1, ಒಟ್ಟು ತೂಕ. ಸಮುದ್ರ ಮಾಲಿನ್ಯಕಾರಿಯಾದರೆ ಅದನ್ನೂ ಸೇರಿಸಿ. ಜೊತೆಗೆ ಇಪ್ಪತ್ತನಾಲ್ಕು ಗಂಟೆಯೂ ಎತ್ತುವ ತುರ್ತು ಫೋನ್ ಸಂಖ್ಯೆ ಕೊಡಿ. ರಾತ್ರಿ ಎರಡಕ್ಕೆ ಅದಕ್ಕೆ ಉತ್ತರಿಸುವವರಿಗೆ ಆ ಸರಕಿನ ಬಗ್ಗೆ ಗೊತ್ತಿರಬೇಕು.

ಕಂಟೇನರ್ ಪ್ಯಾಕಿಂಗ್ ಸರ್ಟಿಫಿಕೇಟಿಗೆ ಸ್ಟಫಿಂಗ್ (ಕಂಟೇನರಿಗೆ ಸರಕು ತುಂಬುವುದು) ಕಣ್ಣಾರೆ ನೋಡಿದವರೇ ಸಹಿ ಹಾಕಲಿ. 250 ಮಿಲಿಮೀಟರ್ ಪ್ಲಕಾರ್ಡ್ (ಅಪಾಯದ ವರ್ಗ ತೋರಿಸುವ ದೊಡ್ಡ ಫಲಕ) ಕಂಟೇನರಿನ ನಾಲ್ಕೂ ಬದಿಗೆ ಬೇಕು. ಇಂತಹ 80 ಡ್ರಮ್ಮಿನ ಕಂಟೇನರಿನಲ್ಲಿ ಒಂದೇ ಯುಎನ್ ಸಂಖ್ಯೆಯ ಸರಕು 4000 ಕಿಲೋ ದಾಟುವುದರಿಂದ ಯುಎನ್ ಸಂಖ್ಯೆಯನ್ನೂ ಹೊರಗೆ ತೋರಿಸಬೇಕು. ಖಾಲಿ ಕಂಟೇನರ್ ಬಂದಾಗ ಹಿಂದಿನವರ ಪ್ಲಕಾರ್ಡ್ ಅಂಟಿಕೊಂಡಿದ್ದರೆ ಕಿತ್ತು ತೆಗೆಯಿರಿ, ಬಂದರಿನ ಗೇಟಿನಲ್ಲಿ ಅದಕ್ಕೇ ಹೆಚ್ಚು ಸಲ ನಿಲ್ಲಿಸುತ್ತಾರೆ.