ಬಲಿತ ಕೋಶವೂ ದಾಸವಾಳದ ಕಡ್ಡಿಯೂ

ಪ್ರಶ್ನೆ: ಚರ್ಮದ ಕೋಶವನ್ನೇ ಬದಲಾಯಿಸಿ ಬೇರೆ ಅಂಗದ ಕೋಶ ಮಾಡಬಹುದು ಎಂದು ಓದಿದೆ. ಒಮ್ಮೆ ಬಲಿತ ಕೋಶ ಬದಲಾಗುವುದಾದರೂ ಹೇಗೆ? ನನ್ನ ತಾಯಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಇಂಜೆಕ್ಷನ್ ಕೊಟ್ಟು ಶುಗರ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತು ನೋಡಿದೆ. ಅದೂ ಇದೂ ಒಂದೇನಾ?

ಉತ್ತರ: ದಾಸವಾಳದ ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಕಾಂಡವಾಗಿದ್ದ ಕೋಶಗಳು ಬೇರಿನ ಕೆಲಸಕ್ಕೆ ಇಳಿಯುತ್ತವೆ. ಗಿಡಗಳಿಗೆ ಇದು ದಿನನಿತ್ಯದ ವಿದ್ಯೆ. ನಮ್ಮ ಕೋಶಗಳು ಇಷ್ಟು ಸುಲಭವಾಗಿ ಬಗ್ಗುವುದಿಲ್ಲ, ಆದರೆ ಬಂಡವಾಳ ಅವಕ್ಕೂ ಇದೆ. ಚರ್ಮ, ಲಿವರ್, ಮಿದುಳು ಎಲ್ಲದರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಡಿಎನ್‌ಎ. ಚರ್ಮದ ಕೋಶದಲ್ಲಿ ಇನ್ಸುಲಿನ್ ಜೀನ್ ಇಲ್ಲವೆಂದಲ್ಲ, ಅದನ್ನು ಬಿಗಿಯಾಗಿ ಸುತ್ತಿ ಮುಚ್ಚಿಡಲಾಗಿದೆ, ಅಷ್ಟೆ.

ಇದನ್ನು ಕಪ್ಪೆಯಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ಗರ್ಡನ್. ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ಕೇಂದ್ರ ನಾಶಮಾಡಿದ ಮೊಟ್ಟೆಯೊಳಗೆ ಇಟ್ಟರು. ಬಹುಪಾಲು ಮೊಟ್ಟೆಗಳು ಕೆಟ್ಟವು. ನೂರಕ್ಕೆ ಒಂದೆರಡು ಮಾತ್ರ ಈಜಾಡುವ ಮರಿಗಳಾದವು. ಬಲಿತ ಕೋಶದಲ್ಲೂ ಇಡೀ ದೇಹ ಕಟ್ಟುವ ಬಂಡವಾಳ ಉಳಿದಿದೆ ಎಂದು ತೋರಿಸಲು 1962ರಲ್ಲಿ ಆ ಒಂದೆರಡೇ ಸಾಕಾಯಿತು.

ಮೊಟ್ಟೆಯ ನೆರವಿಲ್ಲದೆ ಬಲಿತ ಕೋಶವನ್ನು ಹೀಗೆ ಹಿಂದಕ್ಕೆ ಮರಳಿಸಬಲ್ಲ ಜೀನ್‌ಗಳು ಯಾವುವು? ಜಪಾನಿನ ಕ್ಯೋಟೊದಲ್ಲಿ ಶಿನ್ಯಾ ಯಮನಾಕ ಮತ್ತು ಕಝುತೋಶಿ ತಕಹಾಶಿ ಹುಡುಕಿದ ರೀತಿ ನನಗೆ ಬಹಳ ಇಷ್ಟ. ಅನುಮಾನವಿದ್ದ 24 ಜೀನ್‌ಗಳನ್ನು ಒಟ್ಟಿಗೇ ಇಲಿಯ ಚರ್ಮದ ಕೋಶಗಳಿಗೆ ಸೇರಿಸಿದರು, ಕೆಲವು ಬದಲಾದವು. ಆಮೇಲೆ ಪ್ರತಿಸಲ ಒಂದೊಂದನ್ನು ಬಿಟ್ಟು ನೋಡಿದರು. ಸಾರಿನ ಪುಡಿಗೆ ಯಾವುದು ಬೇಕೇ ಬೇಕು ಎಂದು ತಿಳಿಯಲು ಒಂದು ಸಲ ಮೆಂತ್ಯ, ಇನ್ನೊಂದು ಸಲ ಜೀರಿಗೆ ಬಿಟ್ಟು ಹುರಿಯುವ ಹಾಗೆ. ಉಳಿದದ್ದು ನಾಲ್ಕು: ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್. ಇವುಗಳ ಪ್ರೋಟೀನುಗಳು ಡಿಎನ್‌ಎಗೆ ಅಂಟಿಕೊಂಡು ಮುಚ್ಚಿದ್ದನ್ನು ಬಿಚ್ಚಿಸುತ್ತವೆ, ಚರ್ಮದ ಜೀನ್‌ಗಳನ್ನು ಸುಮ್ಮನಾಗಿಸುತ್ತವೆ. ಕೋಶ ಭ್ರೂಣದ ಸ್ಥಿತಿಗೆ ಮರಳುತ್ತದೆ, ಅಲ್ಲಿಂದ ಬೇಕಾದ ದಿಕ್ಕಿಗೆ ಬೆಳೆಸಬಹುದು. 2006ರಲ್ಲಿ ಇಲಿ, 2007ರಲ್ಲಿ ಮನುಷ್ಯ, 2012ರಲ್ಲಿ ಗರ್ಡನ್ ಜೊತೆ ನೊಬೆಲ್.

ಆದರೆ ಮೊದಲ ಪ್ರಯೋಗಗಳಲ್ಲಿ ಬದಲಾದದ್ದು ಸಾವಿರಕ್ಕೆ ಒಂದು ಕೋಶವೂ ಅಲ್ಲ. ಸಿ-ಮಿಕ್ ಕ್ಯಾನ್ಸರಿಗೂ ಬೇಕಾದ ಜೀನ್. ಹಿಂದಕ್ಕೆ ಮರಳಿದ ಕೋಶ ಹಾಗೆಯೇ ದೇಹಕ್ಕೆ ಹೋದರೆ ಗಡ್ಡೆ ಕಟ್ಟುತ್ತದೆ.

ಅಷ್ಟು ಹಿಂದಕ್ಕೆ ಹೋಗದೆ ಪಕ್ಕದ ಮನೆಗೆ ದಾಟಿಸುವ ದಾರಿಯೂ ಇದೆ. 2008ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ತಂಡ ಇಲಿಯ ಮೇದೋಜೀರಕದಲ್ಲೇ ಜೀರ್ಣರಸ ಮಾಡುವ ಕೋಶಗಳಿಗೆ ಮೂರು ಜೀನ್ ಕೊಟ್ಟು ಇನ್ಸುಲಿನ್ ಮಾಡಿಸಿತು.

ಮನುಷ್ಯರಲ್ಲಿ? ಚೀನಾದಲ್ಲಿ ಟೈಪ್-1 ಮಧುಮೇಹ (ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ಕೋಶಗಳನ್ನು ನಾಶಮಾಡುವ ಬಗೆ) ಇದ್ದ ಯುವತಿಯೊಬ್ಬರ ಸ್ವಂತ ಕೊಬ್ಬಿನಿಂದ ಪಡೆದ ಕೋಶಗಳನ್ನು ರಾಸಾಯನಿಕಗಳಿಂದ ಹಿಂದಕ್ಕೆ ಮರಳಿಸಿ, ಇನ್ಸುಲಿನ್ ಕೋಶಗುಚ್ಛಗಳಾಗಿ ಬೆಳೆಸಿ ಹೊಟ್ಟೆಯ ಸ್ನಾಯುವಿನ ಬಳಿ ಇಟ್ಟರು. ಸುಮಾರು 75 ದಿನಗಳ ನಂತರ ಅವರಿಗೆ ಇನ್ಸುಲಿನ್ ಬೇಕಾಗಲಿಲ್ಲ ಎಂಬ ವರದಿ 2024ರಲ್ಲಿ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅದು ಒಬ್ಬರ ಕಥೆ, ಮೇಲಾಗಿ ಲಿವರ್ ಕಸಿಯಾಗಿದ್ದರಿಂದ ಅವರು ಮೊದಲೇ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿದ್ದರು; ಹೊಸ ಕೋಶಗಳು ಉಳಿದದ್ದಕ್ಕೆ ಅದೂ ಕಾರಣವಿರಬಹುದು.

ನಿಮ್ಮ ತಾಯಿಯವರದು ಬಹುಶಃ ಟೈಪ್-2 ಇರಬೇಕು. ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ಹೊಸ ಕೋಶ ಇಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಇನ್ನು ಜಾಹೀರಾತಿನ ಇಂಜೆಕ್ಷನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮೂಳೆಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಕೋಶಗಳು. ಮೇಲೆ ಹೇಳಿದ ಯಾವ ಬದಲಾವಣೆಯೂ ಅವಕ್ಕೆ ಆಗಿರುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ, ಮಧುಮೇಹ ಆ ಪಟ್ಟಿಯಲ್ಲಿಲ್ಲ. ಕ್ಲಿನಿಕ್‌ನವರು ಇದನ್ನು ಪ್ರಯೋಗ ಎಂದರೆ ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಪ್ರಯೋಗ ಎನ್ನುತ್ತಲೇ ಲಕ್ಷಗಟ್ಟಲೆ ಶುಲ್ಕ ಹೇಳಿದರೆ ಎದ್ದು ಬನ್ನಿ. ಅವರ ಮಾತು ನಂಬಿ ಈಗಿನ ಮಾತ್ರೆ, ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿ.